‘ಜರ್ಮನ್’ ಪಾತ್ರೆಯ ತಗಡು, ಕಾರ್ಮನ್‌ರ ಲೆಕ್ಕ

ಸೊಲ್ಲಾಪುರ: ಗಡಿಭಾಗದ ಅನೇಕ ಮನೆಗಳಲ್ಲಿ ಅಲ್ಯೂಮಿನಿಯಂ ಡಬರಿಗೆ ‘ಜರ್ಮನ್’ ಪಾತ್ರೆ ಎನ್ನುವುದು ರೂಢಿ. ಇಂಥ ಪಾತ್ರೆಗೆ ಬೇಕಾದ ತಗಡು ರೋಲರುಗಳ ನಡುವೆ ಹೇಗೆ ತೆಳುವಾಗುತ್ತದೆ ಎಂಬುದಕ್ಕೆ ಹೆಸರಾದ ಲೆಕ್ಕವೊಂದು ಹುಟ್ಟಿದ್ದೂ ಜರ್ಮನಿಯಲ್ಲೇ. ಬರೆದವರು ಮಾತ್ರ ಹಂಗೇರಿಯವರು, ಥಿಯೋಡರ್ ಫಾನ್ ಕಾರ್ಮನ್.

1881ರ ಮೇ 11ರಂದು ಬುಡಾಪೆಸ್ಟ್‌ನ ಯಹೂದಿ ಮನೆತನದಲ್ಲಿ ಜನನ. ಆರು ವರ್ಷದ ಹುಡುಗ ದೊಡ್ಡ ದೊಡ್ಡ ಸಂಖ್ಯೆಗಳನ್ನು ಬಾಯಲ್ಲೇ ಗುಣಿಸಿ ಹೇಳುತ್ತಿದ್ದ. ಶಿಕ್ಷಣ ತಜ್ಞರಾಗಿದ್ದ ತಂದೆಗೆ ಇದು ಹಿಡಿಸಲಿಲ್ಲ. ಮಗ ಸರ್ಕಸ್ಸಿನ ಗೊಂಬೆಯಾದಾನೆಂದು ಲೆಕ್ಕ ಬಿಡಿಸಿ ಇತಿಹಾಸ, ಭೂಗೋಳ ಓದಿಸಿದರು. ಲೆಕ್ಕ ಬಿಡಲಿಲ್ಲವೆನ್ನಿ! ಎಂಜಿನಿಯರ್ ಆಗಿ, ಗಟ್ಟಿಂಗೆನ್‌ನಲ್ಲಿ ಪ್ರಾಂಟ್ಲ್ ಅವರ ಕೈಕೆಳಗೆ 1908ರಲ್ಲಿ ಡಾಕ್ಟರೇಟ್ ಪಡೆದರು. 1913ರಲ್ಲಿ ಆಖೆನ್ ನಗರದಲ್ಲಿ ಪ್ರಾಧ್ಯಾಪಕರಾದರು.

ಅಲ್ಲಿದ್ದಾಗಲೇ, 1925ರಲ್ಲಿ, ರೋಲಿಂಗ್ ಕುರಿತ ಲೇಖನ ಬಂತು. ಕಬ್ಬಿನ ಗಾಣ ನೋಡಿದವರಿಗೆ ವಿಷಯ ಸುಲಭ. ಘರ್ಷಣೆ ಇಲ್ಲದಿದ್ದರೆ ರೋಲರ್ ಜಾರುತ್ತದೆ, ಲೋಹ ಒಳಗೆ ಹೋಗುವುದೇ ಇಲ್ಲ. ಹೆಚ್ಚಾದರೆ ಲೋಹ ರೋಲರಿಗೆ ಅಂಟಿ ತಗಡಿನ ಮೈ ಕೆಡುತ್ತದೆ, ಯಂತ್ರಕ್ಕೂ ಭಾರ. ಒಳಹೋಗುವಾಗ ಲೋಹದ ವೇಗ ರೋಲರಿಗಿಂತ ಕಡಿಮೆ, ಹೊರಬರುವಾಗ ಹೆಚ್ಚು. ನಡುವೆ ಒಂದೆಡೆ ಎರಡೂ ಸಮ. ಅಲ್ಲಿಂದ ಘರ್ಷಣೆಯ ದಿಕ್ಕೇ ತಿರುಗುತ್ತದೆ. ಕಾರ್ಮನ್ ಲೋಹವನ್ನು ತೆಳ್ಳನೆಯ ಹೋಳುಗಳೆಂದು ಭಾವಿಸಿ, ಒತ್ತಡ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುತ್ತದೆಂದು ಹಿಡಿದು ಸಮೀಕರಣ ಬರೆದರು.

ಆದರೆ 400–500 ಡಿಗ್ರಿ ಸೆಲ್ಸಿಯಸ್ ಕಾಯಿಸಿದ ಅಲ್ಯೂಮಿನಿಯಂ ಈ ನಿಯಮಕ್ಕೆ ಪೂರ್ತಿ ಬಗ್ಗದು. ಮೆತ್ತಗಾಗಿ ರೋಲರಿಗೆ ಅಂಟುತ್ತದೆ. ಆಗ ಜಾರುವ ಬದಲು ಲೋಹದ ಒಳಪದರಗಳೇ ಒಂದರ ಮೇಲೊಂದು ಸರಿಯುತ್ತವೆ. ಇದನ್ನು 1943ರಲ್ಲಿ ಲೆಕ್ಕಕ್ಕೆ ಸೇರಿಸಿದ ಓರೊವಾನ್ ಕೂಡ ಬುಡಾಪೆಸ್ಟಿನವರೇ! ಚಪಾತಿ ಲಟ್ಟಣಿಗೆಗೆ ಅಂಟದಂತೆ ಒಣಹಿಟ್ಟು ಉದುರಿಸುವ ಹಾಗೆ, ಕಾರ್ಖಾನೆಗಳಲ್ಲಿ ಎಣ್ಣೆ ಬೆರೆತ ನೀರು ಸಿಂಪಡಿಸುತ್ತಾರೆ.

ಯಹೂದಿ ದ್ವೇಷ ಬೆಳೆಯುತ್ತಿದ್ದ ಜರ್ಮನಿಯನ್ನು ಬಿಟ್ಟು 1930ರಲ್ಲಿ ಕಾರ್ಮನ್ ತಾಯಿ, ತಂಗಿಯೊಂದಿಗೆ ಅಮೆರಿಕಕ್ಕೆ ಹೊರಟರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಮರಳುವ ದಾರಿಯೂ ಮುಚ್ಚಿತು. ಕ್ಯಾಲಿಫೋರ್ನಿಯಾದಲ್ಲಿ ವಿಮಾನ, ರಾಕೆಟ್ ಸಂಶೋಧನೆಗೆ ನೆಲೆ ಕಟ್ಟಿದರು. ಅವರು ಬೆಳೆಸಿದ ಆ ಪ್ರಯೋಗಾಲಯದಲ್ಲೇ ಮುಂದೆ ಸತೀಶ್ ಧವನ್ ಕಲಿತು ಬೆಂಗಳೂರಿಗೆ ಬಂದರು. ಪ್ರಾಂಟ್ಲ್ ಅವರ ಇನ್ನೊಬ್ಬ ಶಿಷ್ಯ, ಕೊಲ್ಲಾಪುರ ಜಿಲ್ಲೆಯ ವಿ.ಎಂ. ಘಾಟಗೆ, ನಮ್ಮ ಸೊಲ್ಲಾಪುರದ ವಾಲಚಂದ್ ಹಿರಾಚಂದ್ 1940ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕಾರ್ಖಾನೆಯಲ್ಲಿ ವಿಮಾನ ರೂಪಿಸಿದರು.

ಕಾರ್ಮನ್ ಮದುವೆಯಾಗಲಿಲ್ಲ. 1963ರ ಫೆಬ್ರುವರಿಯಲ್ಲಿ ಅಧ್ಯಕ್ಷ ಕೆನಡಿ ಅವರಿಗೆ ಅಮೆರಿಕದ ಮೊದಲ ರಾಷ್ಟ್ರೀಯ ವಿಜ್ಞಾನ ಪದಕ ನೀಡಿದರು. ಅದೇ ವರ್ಷ ಮೇ 6ರಂದು, ಪ್ರವಾಸದಲ್ಲಿದ್ದಾಗ, ಹಿಂದೆ ಬಿಟ್ಟುಬಂದಿದ್ದ ಆಖೆನ್‌ನಲ್ಲೇ ತೀರಿಕೊಂಡರು.