ಬೀಗ ಹಾಕಲು ಮರೆತ ಆ ದಿನ: ಮಕ್ಕಳ ಕಪಾಟನ್ನು ತೆರೆದ ಮರಿಯಾ ಮೊಂಟೆಸ್ಸೊರಿ

ಜೂನ್ ತಿಂಗಳು ಸಮೀಪಿಸುತ್ತಿದ್ದಂತೆ ನಮ್ಮ ಧರ್ಮಕೇಂದ್ರಗಳಲ್ಲಿ ಸ್ಲೇಟು, ಬಳಪ, ಬಣ್ಣದ ಪೆನ್ಸಿಲು, ಆಟಿಕೆಗಳನ್ನು ಸಂಗ್ರಹಿಸಿ ಬಡ ಮಕ್ಕಳ ಶಾಲೆಗಳಿಗೆ ಕಳುಹಿಸುವ ಕಾರ್ಯ ಆರಂಭವಾಗುತ್ತದೆ. ಇದು ಮೆಚ್ಚತಕ್ಕ ಕೆಲಸ. ಆದರೆ ಕೊಟ್ಟ ವಸ್ತು ಮಗುವಿನ ಕೈ ಸೇರಿತೇ ಎಂದು ನಾವು ವಿಚಾರಿಸುವುದು ಕಡಿಮೆ.

ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ರಾಯಚೂರು ಜಿಲ್ಲೆಗೆ ಹೋಗಿದ್ದಾಗ ಈ ಪ್ರಶ್ನೆ ನಮ್ಮನ್ನು ಕಾಡಿತು. ರಾಯಚೂರು ನಗರದಿಂದ ಮಾನ್ವಿ, ದೇವದುರ್ಗ ಕಡೆಗೆ ಸಾಗಿದರೆ ಹತ್ತಿ, ಭತ್ತ, ತೊಗರಿಯ ಹೊಲಗಳು ಸಿಗುತ್ತವೆ. ಕೆಲಸವಿಲ್ಲದ ತಿಂಗಳುಗಳಲ್ಲಿ ಅಲ್ಲಿನ ಅನೇಕ ಕುಟುಂಬಗಳು ಕಟ್ಟಡ ಕೂಲಿಗಾಗಿ ಬೆಂಗಳೂರಿಗೆ ಗುಳೆ ಹೋಗುತ್ತವೆ. ಅಂಥವರ ಮಕ್ಕಳಿಗಾಗಿ ನಡೆಯುವ ಒಂದು ಪುಟ್ಟ ಬಾಲವಾಡಿಯಲ್ಲಿ ಕಬ್ಬಿಣದ ಬೀರುವೊಂದಿತ್ತು. ಅದರೊಳಗೆ ಪ್ಲಾಸ್ಟಿಕ್ ಕವಚ ಬಿಚ್ಚದ ಬಣ್ಣದ ಪೆಟ್ಟಿಗೆಗಳಿದ್ದವು. ನಮ್ಮವರೇ ಕಳುಹಿಸಿದ ಪೆಟ್ಟಿಗೆಯೂ ಅಲ್ಲೇ ಇತ್ತು. ಬೀರುವಿಗೆ ಬೀಗ, ನೆಲದಲ್ಲಿ ಕುಳಿತ ಮಕ್ಕಳ ಕೈಯಲ್ಲಿ ಮುರಿದ ಬಳಪದ ಚೂರು. ವಸ್ತು ಕಳೆದರೆ ಲೆಕ್ಕ ಕೊಡಬೇಕಾದವರು ತಾವೇ ಎಂಬುದು ಶಿಕ್ಷಕಿಯ ಭಯ. ಆ ಭಯವನ್ನು ನಾವು ತಪ್ಪೆನ್ನಲಾರೆವು. ಆದರೆ ಆ ಬೀರುವಿನ ಮುಂದೆ ನಿಂತಾಗ ನಮಗೆ ನೆನಪಾದದ್ದು ನೂರು ವರ್ಷಕ್ಕೂ ಹಿಂದೆ ಇಂಥದೇ ಬೀಗದಿಂದ ಪಾಠ ಕಲಿತ ಒಬ್ಬ ಮಹಿಳೆ.

ಮರಿಯಾ ಮೊಂಟೆಸ್ಸೊರಿ 1870ರ ಆಗಸ್ಟ್ 31ರಂದು ಇಟಲಿಯ ಕ್ಯಾರವಾಲ್ಲೆ ಎಂಬ ಊರಿನ ಕಥೋಲಿಕ ಕುಟುಂಬದಲ್ಲಿ ಜನಿಸಿದರು. ಹೆಣ್ಣುಮಕ್ಕಳಿಗೆ ವೈದ್ಯಕೀಯ ಶಿಕ್ಷಣ ಸುಲಭವಾಗಿ ದಕ್ಕದ ಆ ಕಾಲದಲ್ಲಿ, 1896ರಲ್ಲಿ ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯರಾಗಿ ಹೊರಬಂದರು. ಮೊದಲು ಅವರ ಗಮನ ಸೆಳೆದವರು ಬುದ್ಧಿಮಾಂದ್ಯರೆಂದು ಸಮಾಜ ಕೈಬಿಟ್ಟ ಮಕ್ಕಳು. ಕೈಗೆ ತಕ್ಕ ವಸ್ತುಗಳನ್ನು ಕೊಟ್ಟು ಕಲಿಸಿದರೆ ಅವರೂ ಕಲಿಯುತ್ತಾರೆಂಬುದನ್ನು ಕಂಡುಕೊಂಡರು. ಹಾಗಾದರೆ ಉಳಿದ ಮಕ್ಕಳ ಶಾಲೆ ಯಾಕೆ ಹೀಗಿದೆ ಎಂಬ ಪ್ರಶ್ನೆ ಅವರಲ್ಲಿ ಮೂಡಿತು.

ಉತ್ತರ ಹುಡುಕುವ ಅವಕಾಶ ಬಂದದ್ದು 1907ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ. ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ ಕೂಲಿಕಾರರಿಗಾಗಿ ದುರಸ್ತಿಗೊಂಡ ವಸತಿ ಕಟ್ಟಡಗಳಿದ್ದವು. ತಂದೆತಾಯಿ ಕೆಲಸಕ್ಕೆ ಹೋದರೆ ಶಾಲಾ ವಯಸ್ಸಾಗದ ಮಕ್ಕಳು ಮೆಟ್ಟಿಲು, ಗೋಡೆಗಳನ್ನು ಹಾಳುಮಾಡುತ್ತಿದ್ದರು. ಅವರನ್ನು ಒಂದೆಡೆ ಕೂಡಿಸಲು ಕಟ್ಟಡದ ಮಾಲೀಕ ಸಂಸ್ಥೆ ಮೊಂಟೆಸ್ಸೊರಿಯವರನ್ನು ಕರೆಯಿತು. 3ರಿಂದ 6 ವರ್ಷದ ಸುಮಾರು 50 ಮಕ್ಕಳು ಬಂದರು. ಆ ಕೋಣೆಗೆ ಮಕ್ಕಳ ಮನೆ ಎಂಬ ಹೆಸರಾಯಿತು.

ಅಲ್ಲಿಯೂ ಕಲಿಕೆಯ ವಸ್ತುಗಳನ್ನು ದೊಡ್ಡ ಕಪಾಟಿನಲ್ಲಿಟ್ಟು ಬೀಗ ಹಾಕಲಾಗುತ್ತಿತ್ತು. ಶಿಕ್ಷಕಿ ಬೀಗ ತೆಗೆದು ಹಂಚಬೇಕು, ಸಂಜೆ ಮರಳಿ ಜೋಡಿಸಬೇಕು. ಒಂದು ದಿನ ಆಕೆ ಬೀಗ ಹಾಕಲು ಮರೆತರು; ಮರುದಿನ ಬರುವಾಗ ತಡವೂ ಆಯಿತು. ಬಂದು ನೋಡಿದರೆ ಮಕ್ಕಳು ಕಪಾಟು ತೆರೆದು ತಮಗೆ ಬೇಕಾದುದನ್ನು ತೆಗೆದುಕೊಳ್ಳುತ್ತಿದ್ದರು. ಶಿಕ್ಷಕಿಗೆ ಇದು ಕಳ್ಳತನವಾಗಿ ಕಂಡಿತು. ಮೊಂಟೆಸ್ಸೊರಿಯವರಿಗೆ ಕಂಡದ್ದು ಬೇರೆ: ಈ ಮಕ್ಕಳಿಗೆ ಯಾವ ವಸ್ತು ಎಲ್ಲಿದೆ, ತಮಗೆ ಯಾವುದು ಬೇಕು ಎಂಬುದು ಗೊತ್ತಿದೆ. ಶಿಕ್ಷೆ ಕೊಡುವ ಬದಲು ಅವರು ಕಪಾಟನ್ನೇ ಬದಲಾಯಿಸಿದರು. ಮಕ್ಕಳ ಎತ್ತರದ, ಕೈಗೆ ಎಟುಕುವ ಕಪಾಟುಗಳು ಬಂದವು.

ಅಂದಿನಿಂದ ಅವರ ಪದ್ಧತಿಯಲ್ಲಿ ವಸ್ತು ಜೋಡಣೆ ಪಾಠದ ಭಾಗವೇ ಆಯಿತು. ಪ್ರತಿಯೊಂದು ವಸ್ತುವಿಗೂ ನಿಗದಿತ ಜಾಗ. ಒಂದು ಬಗೆಯದು ಒಂದೇ. ಇನ್ನೊಂದು ಮಗುವಿನ ಕೈಯಲ್ಲಿದ್ದರೆ ಕಾಯಬೇಕು. ಮುಗಿದ ಮೇಲೆ ಇದ್ದಲ್ಲೇ ಇಡಬೇಕು. ಕಾಯುವುದು, ಹಂಚಿಕೊಳ್ಳುವುದು, ಮುಂದೆ ಬರುವವನ ಬಗ್ಗೆ ಯೋಚಿಸುವುದು ಎಲ್ಲವನ್ನೂ ಮಗು ಉಪದೇಶವಿಲ್ಲದೆ ಕಲಿಯುತ್ತದೆ.

ಮೊಂಟೆಸ್ಸೊರಿಯವರ ಬದುಕು ಮಾತ್ರ ಇಷ್ಟು ಅಚ್ಚುಕಟ್ಟಾಗಿರಲಿಲ್ಲ. ವಿವಾಹವಿಲ್ಲದೆ ಜನಿಸಿದ ಮಗ ಮಾರಿಯೊನನ್ನು ಎಳವೆಯಲ್ಲಿ ದೂರವಿಟ್ಟು ಬೆಳೆಸಬೇಕಾದ ನೋವನ್ನು ಅವರು ಉಂಡರು. ಮುಸೊಲಿನಿಯ ಆಡಳಿತದೊಡನೆ ವಿರಸ ಬೆಳೆದು 1934ರಲ್ಲಿ ಇಟಲಿಯಲ್ಲಿ ಅವರ ಶಾಲೆಗಳು ಮುಚ್ಚಿದವು. 1936ರಲ್ಲಿ ಅಂತರ್ಯುದ್ಧದಿಂದಾಗಿ ಸ್ಪೇನನ್ನೂ ತೊರೆದರು.

1939ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಆಮಂತ್ರಣದ ಮೇರೆಗೆ ಮಗನೊಂದಿಗೆ ಮದ್ರಾಸಿನ ಅಡ್ಯಾರಿಗೆ ಬಂದರು. ಮೊದಲ ತರಬೇತಿಗೆ ಸುಮಾರು 300 ಮಂದಿ ಸೇರಿದ್ದರು. 1940ರಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರಕಾರ ಮಾರಿಯೊನನ್ನು ಬಂಧನದಲ್ಲಿಟ್ಟಿತು. ತಾಯಿಯ 70ನೇ ಹುಟ್ಟುಹಬ್ಬಕ್ಕೆ ಬಿಡುಗಡೆ ಮಾಡಿತು. ಅನಂತರ ಕೊಡೈಕನಾಲಿನಲ್ಲಿ ಗಿಡ, ಎಲೆ, ಜೀವಜಂತುಗಳನ್ನೇ ಪಾಠದ ವಸ್ತುಗಳನ್ನಾಗಿ ಮಾಡಿಕೊಂಡು ತಾಯಿ ಮಗ ಕೆಲಸ ಮಾಡಿದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಯುರೋಪಿಗೆ ಮರಳಿದರೂ, 1947ರಲ್ಲಿ ಮತ್ತೆ ಭಾರತಕ್ಕೆ ಬಂದರು. 1952ರ ಮೇ 6ರಂದು ನೆದರ್‌ಲ್ಯಾಂಡ್ಸ್‌ನ ನೂರ್ಡ್‌ವೈಕ್‌ನಲ್ಲಿ ನಿಧನರಾಗಿ ಅಲ್ಲಿನ ಕಥೋಲಿಕ ಸ್ಮಶಾನದಲ್ಲಿ ಮಣ್ಣಾದರು.

ಇಂದು ಮೊಂಟೆಸ್ಸೊರಿ ಎಂದರೆ ನಗರದ ದುಬಾರಿ ಶಾಲೆ ಎಂಬ ಭಾವನೆ ನಮ್ಮಲ್ಲಿದೆ. ಅದು ಹುಟ್ಟಿದ್ದು ಕೂಲಿಕಾರರ ಮಕ್ಕಳ ನಡುವೆ ಎಂಬುದನ್ನು ಮರೆತಿದ್ದೇವೆ. ಮಹಾರಾಷ್ಟ್ರದಲ್ಲಿ ತಾರಾಬಾಯಿ ಮೋಡಕ್ ಆ ಪದ್ಧತಿಯನ್ನು ಸ್ಥಳೀಯವಾಗಿ ಸಿಗುವ ಅಗ್ಗದ ವಸ್ತುಗಳಿಗೆ ಒಗ್ಗಿಸಿ ಆದಿವಾಸಿ ಮಕ್ಕಳ ಅಂಗಳಕ್ಕೆ ಒಯ್ದರು. 1975ರಿಂದ ದೇಶದಲ್ಲಿ ಅಂಗನವಾಡಿಗಳಿವೆ. 2024ರಲ್ಲಿ ಕಲ್ಯಾಣ ಕರ್ನಾಟಕದ ಅನೇಕ ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತರಗತಿಗಳೂ ಆರಂಭಗೊಂಡವು. ವಸ್ತುಗಳು ಬರುತ್ತಿವೆ. ಬೀಗ ತೆರೆಯುವುದು ಬಾಕಿ.

ಶಿಕ್ಷಕಿಯ ಭಯಕ್ಕೂ ಇಲ್ಲಿ ಉತ್ತರವಿದೆ. ಎಲ್ಲವನ್ನೂ ಹೊರಗಿಡಬೇಕಾಗಿಲ್ಲ. ಇಟ್ಟಿಗೆಯ ಮೇಲೊಂದು ಹಲಗೆಯಿಟ್ಟರೆ ಕಪಾಟಾಯಿತು. ಅದರಲ್ಲಿ ಎಂಟೋ ಹತ್ತೋ ವಸ್ತುಗಳು ಸಾಕು. ಬಣ್ಣದ ಕಡ್ಡಿ ಒಂದು ಬುಟ್ಟಿಯಲ್ಲಿ, ಸ್ಲೇಟು ನಿಲ್ಲಿಸಿದಂತೆ, ಹುಣಸೆ ಬೀಜ, ಹತ್ತಿಕಾಳು ಬೇರೆ ಬೇರೆ ತಟ್ಟೆಯಲ್ಲಿ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿದ್ದರೆ ಬೀಜ ಬೇಡ. ಪ್ರತಿ ಜಾಗದಲ್ಲೂ ಆ ವಸ್ತುವಿನ ಚಿತ್ರ ಬರೆದರೆ ಓದು ಬಾರದ ಮಗುವಿಗೂ ತಿಳಿಯುತ್ತದೆ. ಸಂಜೆ ಖಾಲಿ ಉಳಿದ ಜಾಗವೇ ಏನು ಕಾಣೆಯಾಗಿದೆ ಎಂದು ತೋರಿಸುತ್ತದೆ. ಬೀಗ ಹಾಕಿದ ಬೀರುವಿಗಿಂತ ಇದರ ಲೆಕ್ಕ ಸುಲಭ.

ಆದುದರಿಂದ ಈ ಬಾರಿ ಪೆಟ್ಟಿಗೆ ಕಳುಹಿಸುವಾಗ ಒಂದು ತಗ್ಗಾದ ಹಲಗೆಯನ್ನೂ ಕಳುಹಿಸೋಣ. ಜೊತೆಗೆ, ಮುರಿದ ಪೆನ್ಸಿಲಿನ ಲೆಕ್ಕ ಕೇಳುವುದಿಲ್ಲವೆಂದು ಶಿಕ್ಷಕಿಗೆ ಒಂದು ಕಾಗದ ಬರೆಯೋಣ. ಬೀಗ ತೆರೆಯಲು ಆಕೆಗೆ ಬೇಕಾದ ಧೈರ್ಯ ಕೊಡಬೇಕಾದವರು ದಾನ ಕೊಟ್ಟ ನಾವೇ.