ಥಾಮಸ್ ಮನ್ರೋ ಮತ್ತು ಬಳ್ಳಾರಿ ಸೀಮೆಯ ನ್ಯಾಯಾಡಳಿತ

ನಿಜಾಮನು 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲದಲ್ಲಿ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಪ್ರದೇಶಗಳೂ ಸೇರಿದ್ದವು. ಅದರ ಪ್ರಧಾನ ಕಲೆಕ್ಟರನಾಗಿ ಬಂದವನು 1761ರಲ್ಲಿ ಗ್ಲಾಸ್ಗೋದಲ್ಲಿ ಜನಿಸಿದ ಸೈನ್ಯಾಧಿಕಾರಿ ಥಾಮಸ್ ಮನ್ರೋ. 1807ರವರೆಗೆ ಅವನು ಪಾಳೆಯಗಾರರನ್ನು ಹತ್ತಿಕ್ಕಿ, ಹೊಲಗಳನ್ನು ಅಳೆಯಿಸಿ, ರೈತರೊಡನೆ ನೇರವಾಗಿ ಕಂದಾಯ ಗೊತ್ತುಪಡಿಸಿದನು.

ಈ ಅನುಭವವೇ ಅವನ ನ್ಯಾಯಚಿಂತನೆಗೆ ತಳಹದಿಯಾಯಿತು. ಬಂಗಾಳದಲ್ಲಿ ಕಾರ್ನ್‌ವಾಲಿಸ್ ರೂಪಿಸಿದ ಮಾದರಿಯ ನ್ಯಾಯಾಲಯಗಳು ರೈತನಿಗೆ ದೂರದವು, ದುಬಾರಿಯವು ಎಂಬುದು ಅವನ ನಿಲುವು. 1814ರಲ್ಲಿ ನ್ಯಾಯವ್ಯವಸ್ಥೆಯ ಪರಿಷ್ಕರಣ ಆಯೋಗದ ಮುಖ್ಯಸ್ಥನಾಗಿ ಮದರಾಸಿಗೆ ಮರಳಿದ ಮನ್ರೋನ ಪ್ರಯತ್ನದಿಂದ 1816ರ ನಿಬಂಧನೆಗಳು ಜಾರಿಗೆ ಬಂದವು. ಸಣ್ಣ ವ್ಯಾಜ್ಯಗಳಿಗೆ ಗ್ರಾಮದ ಮುಖ್ಯಸ್ಥನೇ ಮುನ್ಸೀಫನಾದನು. ಪಂಚಾಯಿತಿಯ ತೀರ್ಪಿಗೆ ಕಾನೂನಿನ ಮಾನ್ಯತೆ ದೊರೆಯಿತು.

ಆದರೆ ಅವೇ ನಿಬಂಧನೆಗಳು ಮ್ಯಾಜಿಸ್ಟ್ರೇಟ್ ಹಾಗೂ ಪೊಲೀಸ್ ಅಧಿಕಾರಗಳನ್ನು ಕಲೆಕ್ಟರನಿಗೆ ವಹಿಸಿದವು ಎಂಬುದು ಗಮನಾರ್ಹ. ಕಂದಾಯ ವಸೂಲು ಮಾಡುವವನೇ ದಂಡಿಸುವವನೂ ಆದನು. ಪಂಚಾಯಿತಿಯ ಮೊರೆಹೊಕ್ಕವರು ವಿರಳ. ಕಲೆಕ್ಟರನ ಅಧಿಕಾರವಾದರೋ ಬೇರೂರಿತು.

1820ರಿಂದ ಮದರಾಸಿನ ಗೌರ್ನರನಾಗಿದ್ದ ಮನ್ರೋ 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾದಿಂದ ಮರಣಹೊಂದಿದನು. ನ್ಯಾಯವನ್ನು ಹಳ್ಳಿಗೆ ಮರಳಿಸಹೊರಟ ಸುಧಾರಣೆ ಹೀಗೆ ವಸಾಹತು ಆಡಳಿತವನ್ನೇ ಬಲಪಡಿಸಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 50ನೆಯ ವಿಧಿಯು ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸಲು ನಿರ್ದೇಶಿಸಿದ್ದನ್ನು ಈ ಹಿನ್ನೆಲೆಯಲ್ಲಿಯೇ ಅರಿಯಬೇಕಾಗುತ್ತದೆ.