ತಡೆ ಎಲ್ಲಿಂದ ಬಂತು ಅಂತ ಕೇಳಿದ ಡಾಕ್ಟರ್

ಆರೋಗ್ಯದ ಚರ್ಚೆ ಬಂದಾಗಲೆಲ್ಲ ನಾವು ಎಷ್ಟು ಆಸ್ಪತ್ರೆ, ಎಷ್ಟು ಹಾಸಿಗೆ ಅನ್ನೋ ಲೆಕ್ಕಕ್ಕೆ ನಿಂತುಬಿಡ್ತೀವಿ. ರಸ್ತೆ, ಶಾಲೆ, ತೆರಿಗೆ, ಜನರಾಡುವ ಭಾಷೆ ಇವೂ ಆರೋಗ್ಯದ ಲೆಕ್ಕವೇ ಅಂತ 1848ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟ ಡಾಕ್ಟರ್ ಒಬ್ಬರಿದ್ದರು. ಹೆಸರು ರುಡಾಲ್ಫ್ ವಿರ್ಚೋ. ಥ್ರಾಂಬೋಸಿಸ್, ಎಂಬಾಲಿಸಂ ಎಂಬ ಪದಗಳನ್ನು ಚಾಲ್ತಿಗೆ ತಂದವರು ಅಂತ ಮೆಡಿಕಲ್ ಓದುವವರಿಗೆ ಅವರು ಗೊತ್ತು. ರಾಜಕೀಯ ಮಾತಾಡುವ ನಮಗೂ ಅವರು ಗೊತ್ತಿರಬೇಕು.

ವಿರ್ಚೋ ಹುಟ್ಟಿದ್ದು 1821ರ ಅಕ್ಟೋಬರ್ 13ರಂದು, ಆಗಿನ ಪ್ರಷ್ಯಾದ ಒಂದು ಸಣ್ಣ ಪಟ್ಟಣದಲ್ಲಿ. ಅದು ಈಗ ಪೋಲೆಂಡ್‌ನಲ್ಲಿದೆ. ಸರ್ಕಾರಿ ನೆರವಿನಲ್ಲಿ ಬರ್ಲಿನ್‌ನ ಸೇನಾ ವೈದ್ಯಕೀಯ ಸಂಸ್ಥೆಯಲ್ಲಿ ಓದಿ, 1843ರಲ್ಲಿ ಡಾಕ್ಟರ್ ಆದರು. ನಂತರ ಶಾರಿಟೆ ಆಸ್ಪತ್ರೆಯಲ್ಲಿ ಶವಪರೀಕ್ಷೆಯ ಕೆಲಸ ಸಿಕ್ಕಿತು.

ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿದರೆ, ಅದು ಅಲ್ಲೇ ಉರಿಯೂತದಿಂದ ಹುಟ್ಟಿದ್ದು ಅನ್ನೋದು ಆಗಿನ ದೊಡ್ಡವರ ನಂಬಿಕೆ. ಇಪ್ಪತ್ತೈದರ ಆಸುಪಾಸಿನ ವಿರ್ಚೋ ಇದನ್ನು ಪ್ರಶ್ನಿಸಿದರು. ಶವಗಳನ್ನು ನೋಡುತ್ತಾ ಹೋದಂತೆ, ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕ ಕಡೆ ಕಾಲಿನ ಅಥವಾ ಸೊಂಟದ ಭಾಗದ ಅಭಿಧಮನಿಯಲ್ಲೂ ಹೆಪ್ಪು ಕಾಣಿಸಿತು. ಖಚಿತ ಮಾಡಿಕೊಳ್ಳಲು ನಾಯಿಗಳ ಕುತ್ತಿಗೆಯ ಅಭಿಧಮನಿಗೆ ರಬ್ಬರ್ ಚೂರುಗಳನ್ನು ಹಾಕಿ ನೋಡಿದರು. ಆ ಚೂರುಗಳು ಶ್ವಾಸಕೋಶದಲ್ಲಿ ಸಿಕ್ಕವು. ಅಂದರೆ ಹೆಪ್ಪು ಅಲ್ಲಿ ಹುಟ್ಟಿದ್ದಲ್ಲ, ರಕ್ತದ ಜೊತೆ ಪ್ರಯಾಣ ಮಾಡಿ ಬಂದದ್ದು.

ನಾನು ಭಾನುವಳ್ಳಿಯವನು, ಮೇಲಾಗಿ ಇಂಜಿನಿಯರಿಂಗ್ ಓದಿದವನು. ಹಾಗಾಗಿ ಇದು ನನಗೆ ಅರ್ಥವಾಗೋದು ಕಾಲುವೆಯ ಲೆಕ್ಕದಲ್ಲಿ. ನಮ್ಮ ಹರಿಹರ ತಾಲ್ಲೂಕು ಭದ್ರಾ ಕಾಲುವೆಯ ಕೊನೆ ಭಾಗ. ಮೇಲೆ ಕಿತ್ತುಬಂದ ಕಸ ದೊಡ್ಡ ಚಾನಲ್‌ನಲ್ಲಿ ಸಲೀಸಾಗಿ ತೇಲುತ್ತೆ, ಸಣ್ಣ ತೂಬಿಗೆ ಬಂದಾಗ ಸಿಕ್ಕಿಕೊಳ್ಳುತ್ತೆ. ಒಣಗೋದು ಅದರ ಕೆಳಗಿನ ಗದ್ದೆ. ದೇಹದಲ್ಲೂ ಅಷ್ಟೇ. ಕಾಲಿನಿಂದ ಹೊರಟ ಹೆಪ್ಪಿಗೆ ಹೃದಯದವರೆಗೆ ನಾಳ ಅಗಲವಾಗುತ್ತಲೇ ಹೋಗುತ್ತೆ, ಹಾಗಾಗಿ ತಡೆಯಿಲ್ಲ. ಹೃದಯ ದಾಟಿ ಶ್ವಾಸಕೋಶದೊಳಗೆ ನಾಳಗಳು ಕವಲೊಡೆದು ಕಿರಿದಾದಾಗ ಸಿಕ್ಕಿಬೀಳುತ್ತೆ, ಉಸಿರು ಕಟ್ಟುತ್ತೆ. ಬಡಿತದ ಲಯ ತಪ್ಪಿದ ಹೃದಯದ ಎಡಭಾಗದಲ್ಲಿ ಕಟ್ಟಿದ ಹೆಪ್ಪು ಮಿದುಳಿಗೆ ಹೋದರೆ, ನಮ್ಮ ಕಡೆ ಹೇಳೋ ಹಾಗೆ ಲಕ್ವ ಹೊಡೆಯುತ್ತೆ. ನೋವು ಕಾಣೋದು ಒಂದು ಕಡೆ, ಕಾರಣ ಇರೋದು ಇನ್ನೊಂದು ಕಡೆ.

ಇದೇ ಕಣ್ಣು ಅವರನ್ನು ರಾಜಕೀಯಕ್ಕೆ ತಂದಿತು ಅಂತ ನನಗನ್ನಿಸುತ್ತೆ. 1848ರ ಆರಂಭದಲ್ಲಿ ಅಪ್ಪರ್ ಸೈಲೀಷ್ಯಾದಲ್ಲಿ ಟೈಫಸ್ ಜ್ವರ ಜನರನ್ನು ಕೊಲ್ಲುತ್ತಿತ್ತು. ಸರ್ಕಾರ 26ರ ವಿರ್ಚೋ ಅವರನ್ನು ತನಿಖೆಗೆ ಕಳಿಸಿತು. ಅವರು ಅಲ್ಲಿ ಕಂಡದ್ದು ಹಸಿವು, ಕಿಕ್ಕಿರಿದ ಮನೆಗಳು, ಪೋಲಿಷ್ ಮಾತಾಡುವ ಬಡವರ ಮೇಲೆ ಜರ್ಮನ್ ಆಡಳಿತ. ಹಾಗಾಗಿ ವರದಿಯಲ್ಲಿ ಔಷಧಿಗಿಂತ ಹೆಚ್ಚಾಗಿ ಪ್ರಜಾಪ್ರಭುತ್ವ, ಶಿಕ್ಷಣ, ರಸ್ತೆ, ಜನರ ಭಾಷೆಗೆ ಸ್ಥಾನ, ಬಡವರ ಮೇಲಿನ ತೆರಿಗೆ ಇಳಿಕೆ ಇವೆಲ್ಲ ಬಂದವು. ಮಾರ್ಚ್‌ನಲ್ಲಿ ಬರ್ಲಿನ್ ದಂಗೆ ಎದ್ದಾಗ ಅವರೂ ಬೀದಿಯಲ್ಲಿದ್ದರು. ವೈದ್ಯಕೀಯ ಸುಧಾರಣೆಗಾಗಿ ಒಂದು ವಾರಪತ್ರಿಕೆಯನ್ನೂ ನಡೆಸಿದರು. ಇದಕ್ಕೆಲ್ಲ ಬೆಲೆ ತೆರಬೇಕಾಯಿತು: 1849ರಲ್ಲಿ ಬರ್ಲಿನ್ ಬಿಟ್ಟು ವುರ್ಜ್‌ಬರ್ಗ್‌ಗೆ ಹೋದರು.

1856ರಲ್ಲಿ ವಾಪಸ್ ಬಂದರು. ಕಾಯಿಲೆಯನ್ನು ಜೀವಕೋಶದಲ್ಲಿ ಹುಡುಕಬೇಕು ಅನ್ನೋ ಅವರ ಪುಸ್ತಕ 1858ರಲ್ಲಿ ಬಂತು. ಮರುವರ್ಷ ಬರ್ಲಿನ್ ನಗರಸಭೆಗೆ ಆಯ್ಕೆಯಾದರು. ಆಮೇಲೆ ಪ್ರಷ್ಯಾದ ಶಾಸನಸಭೆ, 1880ರಿಂದ 1893ರವರೆಗೆ ಸಂಸತ್ತು. ಮಿಲಿಟರಿ ಖರ್ಚಿನ ವಿಷಯದಲ್ಲಿ ಬಿಸ್ಮಾರ್ಕ್‌ಗೆ ಎದುರು ನಿಂತರು. ಆತ 1865ರಲ್ಲಿ ದ್ವಂದ್ವಯುದ್ಧಕ್ಕೆ ಕರೆದಾಗ ಹೋಗಲಿಲ್ಲ. ಆ ಊರಿಗೆ ಒಳಚರಂಡಿ ಬರಲು ಹಟ ಹಿಡಿದವರಲ್ಲಿ ಇವರು ಮುಖ್ಯರು. ಲಕ್ಷಾಂತರ ಶಾಲಾಮಕ್ಕಳ ಕಣ್ಣು, ಕೂದಲಿನ ಬಣ್ಣದ ಸಮೀಕ್ಷೆ ಮಾಡಿಸಿ, ಶುದ್ಧ ಜರ್ಮನ್ ಜನಾಂಗ ಅನ್ನೋದು ಕಟ್ಟುಕತೆ ಅಂತ ತೋರಿಸಿದರು.

ಹಾಗಂತ ಅವರನ್ನು ದೇವರು ಮಾಡೋದು ಬೇಡ. ಕೈ ತೊಳೆದರೆ ಬಾಣಂತಿಯರು ಬದುಕ್ತಾರೆ ಅಂತ ತೋರಿಸಿದ ಸೆಮ್ಮೆಲ್ವೈಸ್‌ನ ಮಾತನ್ನು ವಿರ್ಚೋ ಒಪ್ಪಲಿಲ್ಲ. ರೋಗಾಣು ಸಿದ್ಧಾಂತವನ್ನೂ ಅನುಮಾನಿಸಿದರು. ಹಳಬರನ್ನು ಪ್ರಶ್ನಿಸಿ ಮೇಲೆ ಬಂದವರು, ತಾವು ಹಳಬರಾದಾಗ ಹೊಸಬರಿಗೆ ತಾವೇ ತಡೆಯಾದರು. ಚಳವಳಿಗಳಲ್ಲಿ ಇರುವ ನಮಗೆ ಇದೂ ಪಾಠವೇ.

1902ರ ಜನವರಿಯಲ್ಲಿ ಚಲಿಸುತ್ತಿದ್ದ ಟ್ರಾಮ್‌ನಿಂದ ಇಳಿಯಲು ಹೋಗಿ ತೊಡೆಮೂಳೆ ಮುರಿದುಕೊಂಡರು. ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ಸೆಪ್ಟೆಂಬರ್ 5ರಂದು ತೀರಿಕೊಂಡಾಗ ವಯಸ್ಸು 80.

ಈಗ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಆದರೆ ಲಕ್ವ ಹೊಡೆದವರಿಗೆ ಅದನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮುಂಚೆ ಸ್ಕ್ಯಾನ್ ಆಗಬೇಕು. ಬಾಯಿ ಸೊಟ್ಟಗಾದರೆ, ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ನಾಟಿ ಔಷಧಿ ಹುಡುಕುತ್ತಾ ಕೂರದೆ 108ಕ್ಕೆ ಫೋನ್ ಮಾಡಿ. ಆದರೆ ಆಂಬುಲೆನ್ಸ್ ಹೊತ್ತಿಗೆ ಬರುತ್ತಾ, ರಸ್ತೆ ಸರಿ ಇದೆಯಾ, ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಗುತ್ತಾ? ಈ ಪ್ರಶ್ನೆಗಳನ್ನು ನಿಮ್ಮ ಶಾಸಕರಿಗೆ ಕೇಳಿ. ಹಳ್ಳಿಯವರೊಬ್ಬರ ಮಿದುಳಲ್ಲಿ ಸಿಕ್ಕಿಕೊಂಡ ಹೆಪ್ಪು ಕರಗಬೇಕಾದರೆ, ಮೊದಲು ಆ ದಾರಿಯ ತಡೆಗಳು ಹೋಗಬೇಕು.